ಜೋಳಿಗೆಯ ಆಳ

೨೦೧೯ರ ಏಪ್ರಿಲ್ ೭, ಭಾನುವಾರ, ಸಂಜೆ ೪ ಗಂಟೆ ೫೨ ನಿಮಿಷ. ಲಕ್ರಾಸ್ ಫೈನಲ್ ಮುಗಿಯಲು ನಲವತ್ತು ಸೆಕೆಂಡು ಇರುವಾಗ ನನ್ನ ತಂಗಿ ಎಸೆದ ಚೆಂಡು ಗೋಲ್‌ಕೀಪರಿನ ಮೊಣಕಾಲಿನ ಪಕ್ಕ ನುಸುಳಿ ಬಲೆಗೆ ಬಿತ್ತು. ಹತ್ತು–ಒಂಬತ್ತು! ನಮ್ಮ ಬೆಂಚಿಗೆ ಬೆಂಚೇ ಎದ್ದು ಕುಣಿಯಿತು. ನಾನೊಬ್ಬಳೇ ಕುಣಿಯಲಿಲ್ಲ. ಎದುರು ತಂಡದ ಕೋಚ್ ಕೈ ಎತ್ತಿದ್ದು ನನ್ನ ಕಣ್ಣಿಗೆ ಬಿದ್ದಿತ್ತು.

"ರೆಫರಿ ಮೇಡಂ, ಆ ಹುಡುಗಿ ಸ್ಟಿಕ್ ಚೆಕ್ ಮಾಡಿ."

ಲಕ್ರಾಸ್ ಕೋಲಿನ ತಲೆಯಲ್ಲಿ ದಾರದಿಂದ ಹೆಣೆದ ಜೋಳಿಗೆ ಇರುತ್ತದೆ. ಚೆಂಡು ಹಿಡಿಯುವುದು, ಹೊತ್ತು ಓಡುವುದು, ಎಸೆಯುವುದು ಎಲ್ಲ ಅದರಲ್ಲೇ. ಜೋಳಿಗೆ ಆಳವಾದಷ್ಟೂ ಚೆಂಡು ಭದ್ರ, ಕೆಡವುವುದು ಕಷ್ಟ. ಅದಕ್ಕೇ ಒಂದು ನಿಯಮ: ಕೋಲನ್ನು ಮಟ್ಟವಾಗಿ ಹಿಡಿದು ಚೆಂಡು ಇಟ್ಟರೆ, ಅದರ ನೆತ್ತಿ ಕೋಲಿನ ತಲೆಯ ಎರಡೂ ಪಕ್ಕದ ಗೋಡೆಗಳ ಅಂಚಿಗಿಂತ ಮೇಲಿರಬೇಕು. ಇಲ್ಲದಿದ್ದರೆ ಗೋಲು ರದ್ದು.

ಆ ಜೋಳಿಗೆ ಹೆಣೆದವಳು ನಾನು. ಹಗ್ಗ, ದಾರಗಳನ್ನು ಜಗ್ಗಿ ಪರೀಕ್ಷಿಸುವ ಪ್ರಯೋಗಾಲಯದಲ್ಲಿ ನನಗೆ ಕೆಲಸ. ರಜಾದಿನ ಬಂತೆಂದರೆ ತಂಡದ ಕೋಲುಗಳ ರಿಪೇರಿ. ಬೆಳಿಗ್ಗೆ ಅಳೆದಾಗ ಚೆಂಡು ಅಂಚಿನಿಂದ ನಾಲ್ಕು ಮಿಲಿಮೀಟರ್ ಮೇಲಿತ್ತು. ಆಮೇಲೆ ತಂಗಿ, ಆಕಾರ ಕೆಡಬಾರದೆಂದು, ಎಂದಿನಂತೆ ಜೋಳಿಗೆಯೊಳಗೆ ಚೆಂಡು ಬಿಗಿದು ಕಟ್ಟಿದ್ದಳು. ಕಟ್ಟಿದ್ದು ಸರಿ, ದಾರಿಯುದ್ದಕ್ಕೂ ಅದನ್ನು ಬಸ್ಸಿನ ಎಂಜಿನ್ ಮುಚ್ಚಳದ ಮೇಲೆ ಇಟ್ಟುಕೊಂಡು ಬಂದಿದ್ದಳು. ಬಿಗಿದ ನೈಲಾನ್ ದಾರ ಬಿಸಿಗೆ ಮೆಲ್ಲಗೆ ಉದ್ದವಾಗುತ್ತದೆ. ಮೈದಾನದಲ್ಲಿ ಇಳಿದು ಅಳೆದರೆ ಒಂದೂವರೆ.

"ಕೊಡೇ, ದಾರ ಬಿಗಿ ಮಾಡ್ತೀನಿ," ಎಂದಿದ್ದೆ.

"ಬೇಡ ಅಕ್ಕಾ! ಈಗ ಬಿಗಿ ಮಾಡಿದ್ರೆ ಚೆಂಡು ಎಲ್ಲಿಗೆ ಹೋಗುತ್ತೋ ನನಗೇ ಗೊತ್ತಾಗಲ್ಲ. ಮೇಲೇ ಇದೆ ತಾನೆ?"

"ಆಡ್ತಾ ಆಡ್ತಾ ಇನ್ನೂ ಸಡಿಲ ಆಗುತ್ತೆ ಕಣೇ."

"ನಿನ್ನ ಲ್ಯಾಬ್ ಪಾಠ ಆಮೇಲೆ ಹೇಳು," ಎಂದು ಕೋಲು ಕಿತ್ತುಕೊಂಡು ಓಡಿದ್ದಳು.

ಈಗ ಅವಳು ಗೋಲಿನ ಸಂಭ್ರಮದಲ್ಲಿ ಜೋಳಿಗೆಯ ದಾರ ಜಗ್ಗಲು ಕೈ ಹಾಕುತ್ತಿದ್ದಳು. ಗೋಲು ಹೊಡೆದಾಗಲೆಲ್ಲ ಅವಳು ಮಾಡುವುದು ಅದನ್ನೇ. ಆದರೆ ಪರೀಕ್ಷೆ ಕೇಳಿದ ಮೇಲೆ ದಾರ ಮುಟ್ಟಿದರೂ ಗೋಲು ಹೋದಂತೆಯೇ.

"ಕೈ ತೆಗಿಯೇ! ಮುಟ್ಟಬೇಡ!" ನನ್ನ ಗಂಟಲು ಹರಿಯಿತು.

ಅವಳು ಗಕ್ಕನೆ ನಿಂತಳು. ಒಲೆಯಿಂದ ಆಗಷ್ಟೇ ಇಳಿಸಿದ ಪಾತ್ರೆಯೇನೋ ಎಂಬಂತೆ ಕೋಲನ್ನು ಮೈಯಿಂದ ದೂರ ಹಿಡಿದು ರೆಫರಿಗೆ ಕೊಟ್ಟಳು.

"ಏನ್ರೀ, ಮೀನು ಹಿಡಿಯೋ ಬಲೆ ಹೆಣೆದಿದ್ದೀರಾ?" ಎಂದು ಆ ಕೋಚ್ ನನ್ನತ್ತ ನೋಡಿ ನಕ್ಕ.

"ಮೀನು ಬಿದ್ದಿರೋದು ನಿಮ್ಮ ಬಲೇಲಿ ಸಾರ್, ಹೋಗಿ ಎತ್ಕೊಳ್ಳಿ," ಎಂದಳು ನಮ್ಮ ಕ್ಯಾಪ್ಟನ್, ಅವರ ಗೋಲಿನತ್ತ ಕೈ ತೋರಿಸಿ.

ರೆಫರಿ ಚೆಂಡು ತರಿಸಿ ಜೋಳಿಗೆಯಲ್ಲಿ ಇಟ್ಟರು. ಕೋಲನ್ನು ಕಣ್ಣಿನ ಮಟ್ಟಕ್ಕೆ ಎತ್ತಿದರು. ಹುಬ್ಬು ಗಂಟಿಕ್ಕಿ ಇನ್ನೊಂದು ಪಕ್ಕದಿಂದಲೂ ನೋಡಿದರು. ಕಣ್ಣಿಗೆ ತೀರ್ಮಾನ ಸಿಗಲಿಲ್ಲ.

"ಆ ಸ್ಕೇಲ್ ಕೊಡಿ."

ಸ್ಕೋರು ಬರೆಯುವವರ ಮೇಜಿನಿಂದ ಉಕ್ಕಿನ ಸ್ಕೇಲ್ ಬಂತು. ಅದನ್ನು ಎರಡು ಗೋಡೆಗಳಿಗೆ ಅಡ್ಡವಾಗಿ ಇಟ್ಟರು. ಎರಡೂ ಅಂಚಿಗೆ ಅಂಟಿ ಕುಳಿತರೆ ಗೋಲಿಲ್ಲ. ಚೆಂಡಿನ ನೆತ್ತಿಯ ಮೇಲೆ ತೊನೆದರೆ ಉಂಟು. ಅವರು ಎಡತುದಿಯನ್ನು ಬೆರಳಿನಿಂದ ಒತ್ತಿದರು. ನನಗೆ ಏನೂ ಕಾಣಲಿಲ್ಲ. ಬಲತುದಿ ಒತ್ತಿದರು, ಅದು ತೊನೆದು ಅಂಚಿಗೆ ಬಡಿಯಿತು. ಟಕ್. ಮತ್ತೆ ಎಡಕ್ಕೆ. ಟಕ್!

"ನೀವೇ ಒತ್ತಿ ನೋಡಿ," ಎಂದು ಸ್ಕೇಲನ್ನು ಎದುರು ಕೋಚ್ ಮುಂದೆ ಹಿಡಿದರು. ಅವನು ಒತ್ತಿದ. ಸ್ಕೇಲು ಅವನಿಗೂ ಟಕ್ಕೆಂದಿತು.

"ಗೋಲು!"

ಉಳಿದ ನಲವತ್ತು ಸೆಕೆಂಡು ಹೇಗೆ ಕಳೆಯಿತೋ ತಿಳಿಯದು. ಕೊನೆಯ ಸೀಟಿ ಊದಿದಾಗ ತಂಗಿ ಕೋಲಿನ ಸಮೇತ ನನ್ನ ಮೇಲೆ ಬಿದ್ದಳು, ಅವಳ ಮೇಲೆ ಇಡೀ ತಂಡ. ಆ ರಾಶಿಯ ಅಡಿಯಿಂದ ತೆವಳಿ ಹೊರಬಂದು, ದಾರ ಯಾರೂ ಮುಟ್ಟದಂತೆ ಬೈಯುತ್ತಾ, ಹುಲ್ಲಿನ ಮೇಲೆ ಮಂಡಿಯೂರಿ ಅಳೆದೆ. ಚೆಂಡಿನ ನೆತ್ತಿ ಅಂಚಿಗಿಂತ ಮೇಲಿದ್ದದ್ದು ೦.೩ ಮಿಲಿಮೀಟರ್.