ಒಂದು ಹಾಡೂ ಬಿಟ್ಟಿರಲಿಲ್ಲ

ನನ್ನ ತಮ್ಮ ಸಿದ್ದೇಶನನ್ನು ಮಂಡಿಪೇಟೆಯಲ್ಲಿ ಎಲ್ಲರೂ ಹಾಡಿನ ಡಾಕ್ಟ್ರು ಅಂತ ಕರೆಯುತ್ತಾರೆ. ಓದಿದ್ದು ಪಿಯುಸಿ, ಅದೂ ಇಂಗ್ಲಿಷ್ ಉಳಿಸಿಕೊಂಡು. ಇರುವುದು ಒಂದು ಮೊಬೈಲ್ ಅಂಗಡಿ. ಅಂಗಡಿ ಅನ್ನುವುದಕ್ಕಿಂತ ಎರಡು ಗೋಡೆ ನಡುವಿನ ಸಂದಿ ಅಂದರೆ ಸರಿಯಾದೀತು. ಚಾರ್ಜರ್, ಕವರ್ ಮಾರುವುದೆಲ್ಲ ಹೆಸರಿಗೆ. ಲಾರಿ, ಆಟೋ, ಟ್ರ್ಯಾಕ್ಟರ್ ಓಡಿಸುವವರು ಪೆನ್‌ಡ್ರೈವ್ ತಂದು ಸಿನಿಮಾ ಹಾಡು ತುಂಬಿಸಿಕೊಂಡು ಹೋಗುತ್ತಾರಲ್ಲ, ಅವನ ಹೆಸರು ಬೆಳೆದದ್ದು ಅದರಿಂದ.

ಬೇರೆ ಅಂಗಡಿಯವರು ಕೇಳಿದ್ದನ್ನು ತುಂಬಿ ಕಳಿಸುತ್ತಾರೆ. ಇವನು ಮೊದಲು ಗಿರಾಕಿಯ ಮುಖ ನೋಡುತ್ತಾನೆ. "ಏನಾಗೈತೆ, ಮೊದ್ಲು ಅದನ್ನ ಹೇಳು" ಅನ್ನುತ್ತಾನೆ. ಹೆಂಡತಿ ಮುನಿಸಿಕೊಂಡು ಹೋದವರಿಗೆ ಒಂದು ಬಗೆ, ಅಪ್ಪನ ಜೊತೆ ಮಾತು ಬಿಟ್ಟವರಿಗೆ ಇನ್ನೊಂದು ಬಗೆ. ಆಟೋ ಓಡಿಸುವ ತಾರಿಕ್, ನಿಶ್ಚಯವಾಗಿದ್ದ ಮದುವೆ ಮುರಿದು ಊಟ ನಿದ್ದೆ ಬಿಟ್ಟಿದ್ದಾಗ ಇವನೇ ಹಾಡು ಕೊಟ್ಟದ್ದು. ಮೊದಲು ಬರೀ ಅಳುವ ಹಾಡು, ಆಮೇಲೆ ಸಿಟ್ಟಿನ ಹಾಡು, ಕೊನೆಗೆ ಕುಣಿಯುವ ಹಾಡು. "ಈ ಲೈನ್ ತಪ್ಪಿದ್ರೆ ಮದ್ದು ಹತ್ತಲ್ಲ ಅಕ್ಕ" ಅಂತ ನನಗೆ ಪಾಠ ಬೇರೆ ಮಾಡಿದ. ತಾರಿಕ್ ಎದ್ದು ಕೂತ, ಬೇರೆ ಹುಡುಗಿಯನ್ನು ಮದುವೆಯಾದ, ಅಂಗಡಿಗೆ ಬಿರಿಯಾನಿ ತಂದುಕೊಟ್ಟ. ನನಗೆ ಈ ವಿದ್ಯೆಯ ಮೇಲೆ ನಂಬಿಕೆ ಕಡಿಮೆ, ಆದರೂ ತಾರಿಕ್ ನಕ್ಕಿದ್ದನ್ನು ಕಣ್ಣಾರೆ ಕಂಡಿದ್ದೇನೆ, ಸುಳ್ಳು ಹೇಳಬಾರದು.

ಹಾಡಿನ ಜೊತೆ ಇನ್ನೊಂದು ಪಥ್ಯವನ್ನೂ ಹೇಳುತ್ತಿದ್ದ. ವಾಟ್ಸಾಪಿನಲ್ಲಿ ನೀಲಿ ಟಿಕ್ ತೆಗೆಸುವುದು. ಅದನ್ನು ತೆಗೆದರೆ ನಾವು ಯಾರ ಸ್ಟೇಟಸ್ ನೋಡಿದರೂ ನೋಡಿದವರ ಸಾಲಿನಲ್ಲಿ ನಮ್ಮ ಹೆಸರು ಬರುವುದಿಲ್ಲ. "ಅವಳ ಸ್ಟೇಟಸ್ ನೋಡಬ್ಯಾಡ ಅಂದ್ರೆ ನೀ ಕೇಳಲ್ಲ. ನೋಡು. ಆದ್ರೆ ನೋಡಿದ್ದು ಅವಳಿಗೆ ಗೊತ್ತಾಗಬಾರದು, ಮರ್ಯಾದೆ ಉಳೀತೈತೆ" ಅನ್ನುವುದು. ಮಂಡಿಪೇಟೆಯ ಅರ್ಧ ಗಂಡಸರ ಮರ್ಯಾದೆ ಹೀಗೆ ಉಳಿದಿದೆ.

ಊರಿಗೆ ಉಪಕಾರಿ, ಮನೆಗೆ ಮಾರಿ ಅನ್ನುತ್ತಾರೆ. ನನ್ನ ತಮ್ಮ ಮಾರಿಯಲ್ಲ, ಪಾಪದವನು. ಆದರೆ ಪಾಪದವರು ಮಾಡುವ ಅನಾಹುತ ಮಾರಿಯೂ ಮಾಡುವುದಿಲ್ಲ.

ಅವನ ಹೆಂಡತಿ ಭವ್ಯಾ ಹರಿಹರದವಳು. ಹೋದ ಮಳೆಗಾಲದಲ್ಲಿ ಅವಳಿಗೆ ತಿಂಗಳು ತುಂಬುವ ಮುಂಚೆಯೇ ಹೆರಿಗೆಯಾಯಿತು. ಹೆಣ್ಣು ಮಗು. ಒಂದು ರಾತ್ರಿ ಉಸಿರಾಡಿತು, ಬೆಳಗಾಗುವಷ್ಟರಲ್ಲಿ ಹೋಯಿತು. ನಮ್ಮಲ್ಲಿ ಅಷ್ಟು ಎಳೆಯ ಕೂಸನ್ನು ಮಣ್ಣು ಮಾಡುವುದಕ್ಕೆ ತಾಯಿಯನ್ನು ಕರೆದೊಯ್ಯುವುದಿಲ್ಲ, ಜಾಗವನ್ನೂ ಅವಳಿಗೆ ತೋರಿಸುವುದಿಲ್ಲ. ತೋರಿಸಿದರೆ ಅಲ್ಲಿಗೇ ಹೋಗಿ ಕೂರುತ್ತಾಳೆ ಅಂತ ಹಿರಿಯರ ಲೆಕ್ಕ. ಸಿದ್ದೇಶ ಟವೆಲಿನಲ್ಲಿ ಸುತ್ತಿದ ಮಗುವನ್ನು ತಾನೇ ಎತ್ತಿಕೊಂಡು ಹೋಗಿ ಬಂದ. ಹಿತ್ತಲ ನಲ್ಲಿಯ ಕೆಳಗೆ ಕೈ ತೊಳೆಯುತ್ತಾ ನಿಂತವನು ಎಷ್ಟು ಹೊತ್ತಾದರೂ ಒಳಗೆ ಬರಲಿಲ್ಲ. ಕೊನೆಗೆ ನಾನೇ ಹೋಗಿ ನಲ್ಲಿ ನಿಲ್ಲಿಸಿದೆ.

ಭವ್ಯಾ ಕೇಳಿದ್ದು ಒಂದೇ. "ಎಲ್ಲಿ ಮಲಗಿಸಿ ಬಂದ್ರಿ? ಮಖ ಹೆಂಗಿತ್ತು?" ಇವನು ಅವಳ ತಲೆದಿಂಬಿನ ಹತ್ತಿರ ಸಣ್ಣ ಸ್ಪೀಕರ್ ಇಟ್ಟು ಹಾಡು ಹಚ್ಚಿದ. ಮರುದಿನ ಕೇಳಿದಳು, ಹಾಡು ಬದಲಾಯಿಸಿದ. ನಾನು ಗಂಜಿ ತೆಗೆದುಕೊಂಡು ಹೋದಾಗಲೆಲ್ಲ ಆ ಕೋಣೆಯಲ್ಲಿ ಯಾರೋ ಗಾಯಕ ಅಳುತ್ತಿರುತ್ತಿದ್ದ, ಇವರಿಬ್ಬರೂ ಗೋಡೆ ನೋಡುತ್ತಿರುತ್ತಿದ್ದರು.

ಒಂದು ದಿನ ಅವಳು ಸ್ಪೀಕರಿನ ವೈರು ಕಿತ್ತು ಅವನ ಕೈಗೆ ಕೊಟ್ಟಳು. "ಇದು ಯಾರೋ ಬರೆದದ್ದು, ಯಾರೋ ಹಾಡಿದ್ದು. ನಿಮ್ದು ಅಂತ ಒಂದು ಮಾತು ಇಲ್ಲೇನ್ರಿ?" ಅಂದಳು. ಅವನು ವೈರು ಸುತ್ತಿ ಜೇಬಿಗೆ ಹಾಕಿಕೊಂಡು ಅಂಗಡಿಗೆ ಹೋದ. ಸಂಜೆ ಬರುವಷ್ಟರಲ್ಲಿ ಅವಳು ಹರಿಹರಕ್ಕೆ, ಅವರವ್ವ ದುರುಗವ್ವನ ಮನೆಗೆ ಹೋಗಿದ್ದಳು.

ಆಮೇಲೆ ಭವ್ಯಾ ಸ್ಟೇಟಸ್ಸಿಗೆ ಹಾಡು ಹಾಕುವುದಕ್ಕೆ ಶುರು ಮಾಡಿದಳು. ಮಾತಿಗೆ ಬಗ್ಗದವನು ಹಾಡಿಗಾದರೂ ಬಗ್ಗಿಯಾನು ಅಂತ ಇರಬೇಕು. ನಾನು ಸರಸ್ವತಿ ನಗರದಲ್ಲಿ ರವಿಕೆ ಹೊಲಿಯುವವಳು, ಹಾಡುಗೀಡು ತಿಳಿಯುವುದಿಲ್ಲ. ಆದರೆ ಇದು ತಿಳಿಯಲು ಡಾಕ್ಟರಿಕೆ ಬೇಕಾಗಿರಲಿಲ್ಲ. ಬಾ ಅನ್ನುವ ಹಾಡು, ಒಂಟಿಯಾದೆ ಅನ್ನುವ ಹಾಡು, ಹೆಣ್ಣು ಹಾಡಿದ್ದು, ಗಂಡು ಹಾಡಿದ್ದು. ದಿನಾ ಊಟದ ಹೊತ್ತಿಗೆ ಒಂದು.

ಸಿದ್ದೇಶ ನನ್ನ ಮನೆಗೆ ಊಟಕ್ಕೆ ಬಂದಾಗ ತಟ್ಟೆ ಪಕ್ಕದಲ್ಲಿ ಫೋನ್ ಇಟ್ಟುಕೊಂಡು ಅವನ್ನು ಒಂದೂ ಬಿಡದೆ ಕೇಳುತ್ತಿದ್ದ. ನೀಲಿ ಟಿಕ್ ತೆಗೆದು.

"ಹೋಗಿ ಕರ್ಕೊಂಡ್ ಬಾರೋ" ಅಂದೆ.

"ಈಗ ಬ್ಯಾಡ ಅಕ್ಕ. ಈಗ ಅಳೋ ಹಾಡಿನಾಗೆ ಅದಾಳೆ. ಅಳ್ಲಿ. ಹುಣ್ಣು ಹಣ್ಣಾಗೋಕೆ ಮೊದ್ಲು ಹಿಂಡಬಾರದು."

"ನೀ ನೋಡಿದ್ದಾದ್ರೂ ಅವಳಿಗೆ ಗೊತ್ತಾಗ್ಲಿ."

"ಗೊತ್ತಾದ್ರೆ ನನಗೋಸ್ಕರ ಹಾಕ್ತಾಳೆ. ಗೊತ್ತಾಗದಿದ್ರೆ ಮನಸ್ಸಿನಾಗೆ ಇದ್ದದ್ದು ಹಾಕ್ತಾಳೆ."

ಇಂಥ ಜಾಣತನಕ್ಕೆ ಏನು ಹೇಳುವುದು? ಅವಳು ಇವನನ್ನು ಕೂಗಿ ಕರೆಯುತ್ತಿದ್ದಳು, ಇವನು ನಾಡಿ ಹಿಡಿದು ಕೂತಿದ್ದ. ಬೈದೆ. ಉಣ್ಣುತ್ತಿದ್ದವನು ತಲೆ ತಗ್ಗಿಸಿದ. ಅವನ ಕಣ್ಣಲ್ಲಿ ನೀರಿತ್ತು, ಅದಕ್ಕೇ ಇನ್ನೂ ಸಿಟ್ಟು ಬಂತು ನನಗೆ. ಇವನಿಗೆ ನೋವಿರಲಿಲ್ಲ ಅಂತಲ್ಲ. ಆ ನೋವಿಗೆ ಬಾಯಿ ಕೊಡಲು ಹೆದರುತ್ತಿದ್ದ. ಹೆದರಿಕೆಯನ್ನು ಡಾಕ್ಟರಿಕೆ ಅಂತ ಕರೆದುಕೊಳ್ಳುತ್ತಿದ್ದ.

ಅಮಾವಾಸ್ಯೆಗೆ ದುರುಗವ್ವ ಮಗಳಿಗೆ ಏನೋ ಗಾಳಿ ಸೋಕಿದೆ ಅಂತ ಉಕ್ಕಡಗಾತ್ರಿಗೆ ಕರೆದುಕೊಂಡು ಹೋಗಿ, ಹೊಳೆಯಲ್ಲಿ ಮುಳುಗಿಸಿ, ಅಜ್ಜಯ್ಯನ ಗದ್ದುಗೆ ಮುಂದೆ ಕೂರಿಸಿ ಬಂದಳು. ಅವತ್ತು ಸ್ಟೇಟಸ್ಸಿನಲ್ಲಿ ಸಿನಿಮಾ ಹಾಡು ಇರಲಿಲ್ಲ. ಭವ್ಯಾ ತಾನೇ ಒಂದು ಜೋಗುಳ ಹಾಡಿ ಹಾಕಿದ್ದಳು. ಅವಳಿಗೆ ಕಂಠವಿಲ್ಲ, ಶ್ರುತಿಯಿಲ್ಲ, ನಡುನಡುವೆ ಉಸಿರು ಸಿಕ್ಕಿಕೊಳ್ಳುತ್ತಿತ್ತು. ನನಗೆ ಪೂರ್ತಿ ಕೇಳಲಾಗಲಿಲ್ಲ. ಸಿದ್ದೇಶ ನಮ್ಮ ಮನೆಯ ಮೆಟ್ಟಿಲ ಮೇಲೆ ಕೂತು ಅದನ್ನೇ ಮತ್ತೆ ಮತ್ತೆ ಕೇಳಿದ, ಮುಖ ಮೊಣಕಾಲಲ್ಲಿ ಹುದುಗಿಸಿಕೊಂಡು.

"ಈಗಲಾದ್ರೂ ಎದ್ದು ಹೋಗೋ. ಹರಿಹರ ಏನು ಕಾಶಿಯಾ?" ಅಂದೆ.

"ಇವತ್ತು ಹೋದ್ರೆ ಗಾಯ ಕೆದಕಿದಂಗೆ ಆಗ್ತೈತೆ ಅಕ್ಕ" ಅಂದ. ಹೋಗಲಿಲ್ಲ.

ಆಮೇಲೆ ಸಿಟ್ಟಿನ ಹಾಡು ಬಂದವು. ಸ್ವಲ್ಪ ದಿನ ಏನೂ ಬರಲಿಲ್ಲ. ದೀಪಾವಳಿ ಕಳೆದ ಮೇಲೆ ಒಂದು ಕುಣಿಯುವ ಹಾಡು ಬಂತು, ಮದುವೆ ದಿಬ್ಬಣದಲ್ಲಿ ಹುಡುಗರು ಹಾಕಿಸುತ್ತಾರಲ್ಲ ಅಂಥದ್ದು. ಸಿದ್ದೇಶ ಓಡಿಬಂದ. "ಗುಣ ಆತು ಅಕ್ಕ. ನಾ ಹೇಳಿದ ಲೈನಿನಾಗೇ ಗುಣ ಆತು" ಅಂದ. ಅವನ ಮುಖ ನೋಡಿ ನನಗೂ ಆಸೆ ಹುಟ್ಟಿತು, ಯಾಕೆ ಸುಳ್ಳು ಹೇಳಲಿ.

ಅದೇ ವಾರ ಭವ್ಯಾಳೇ ನನಗೆ ಫೋನ್ ಮಾಡಿದಳು. "ಅಕ್ಕ, ಬಂದು ಕರ್ಕೊಂಡ್ ಹೋಗ್ರಿ. ಬರ್ತೀನಿ. ಅವ್ರ ಮ್ಯಾಲೆ ಸಿಟ್ಟಿಲ್ಲ ನನಗೀಗ. ಹೇಳೋಕೆ ಆಗದಿದ್ರೆ ಬ್ಯಾಡ, ಮಗೂನ ಎಲ್ಲಿ ಮಲಗಿಸಿದ್ರಿ ಅಂತ ಕೇಳಲ್ಲ. ದಿನಾ ಹಾಡು ಹಾಕಿ ಕರೆದೆ, ಅವ್ರು ಒಂದು ದಿನವೂ ನೋಡಿಲ್ಲ. ಅಂಗಡಿ ಗದ್ದಲದಾಗೆ ಇರ್ತಾರೆ, ಅವ್ರಿಗೆ ಹೆಂಗೆ ಗೊತ್ತಾಗ್ಬೇಕು."

ಹೂಂ ಅಂದೆ ಅಷ್ಟೇ.

ಭಾನುವಾರ ಬಸ್ಸಿನಲ್ಲಿ ಕೂತಾಗ ತಮ್ಮನಿಗೆ ಹೇಳಿದೆ. "ನೋಡು, ಸ್ಟೇಟಸ್ ವಿಷಯ ಬಂದ್ರೆ ಬಾಯಿ ಬಿಡಬ್ಯಾಡ. ಎಲ್ಲಾ ನೋಡಿದ್ದೆ ಅಂತ ಮಾತ್ರ ಹೇಳಬ್ಯಾಡ." ಅವನು ಮಂಡಕ್ಕಿ ಪೊಟ್ಟಣವನ್ನು ತೊಡೆ ಮೇಲೆ ಇಟ್ಟುಕೊಂಡು ಕಿಟಕಿ ಹೊರಗೆ ನೋಡುತ್ತಿದ್ದ. "ಯಾಕ? ನೋಡಿದ್ದೆ ಅಂದ್ರೆ ಖುಷಿ ಪಡ್ತಾಳೆ" ಅಂದ. ಹೇಳಬೇಡ ಅಂದರೆ ಹೇಳಬೇಡ ಅಂತ ಗದರಿಸಿದೆ. ಆಯ್ತು ಅಂದ.

ದುರುಗವ್ವನ ಮನೆ ಹೊಳೆ ಕಡೆಗೆ ಇಳಿಯುವ ಓಣಿಯಲ್ಲಿದೆ. ಭವ್ಯಾ ಸೊರಗಿದ್ದಳು, ಆದರೆ ತಲೆ ಬಾಚಿ ಹೂ ಮುಡಿದಿದ್ದಳು. ಬ್ಯಾಗು ಬಾಗಿಲ ಪಕ್ಕ ತಯಾರಿತ್ತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲು ನಾಚಿದರು. ಊಟ ಆಯಿತು. ಮಗಳನ್ನು ಗಂಡನ ಮನೆಗೆ ಕಳಿಸುವಾಗ ತವರಲ್ಲಿ ಉಡಿ ತುಂಬುವ ಪದ್ಧತಿಯಲ್ಲವೇ, ದುರುಗವ್ವ ಅವಳನ್ನು ಮಣೆ ಮೇಲೆ ಕೂರಿಸಿ ಸೆರಗಿಗೆ ಅಕ್ಕಿ, ಕೊಬ್ಬರಿ, ಎಲೆ ಅಡಿಕೆ, ರವಿಕೆ ಕಣ ಹಾಕಿ ಗಂಟು ಕಟ್ಟಿದಳು. ಭವ್ಯಾ ಗಂಟಿನ ಮೇಲೆ ಕೈಯಿಟ್ಟುಕೊಂಡು ಮೊದಲ ಸಲ ಗಂಡನ ಕಡೆ ನೋಡಿ ನಕ್ಕಳು.

"ನೀವು ನನ್ನ ಸ್ಟೇಟಸ್ ನೋಡ್ದೇ ಇದ್ದದ್ದೇ ಒಳ್ಳೇದಾತು ಬಿಡ್ರಿ. ಹುಚ್ಚಿ ಹಂಗೆ ಏನೇನೋ ಹಾಕಿದ್ದೆ."

ನಾನು ಸಿದ್ದೇಶನ ಮೊಣಕೈ ಹಿಡಿದೆ. ಅವನು ಬಿಡಿಸಿಕೊಂಡ. ಅವನ ಮುಖ ಹಬ್ಬದ ಹಾಗಿತ್ತು.

"ಯಾರಂದ್ರು ನೋಡಿಲ್ಲ ಅಂತ? ಒಂದು ಹಾಡೂ ಬಿಟ್ಟಿಲ್ಲ ನಾನು. ನೀ ಮೊದ್ಲು ಅಳೋವು ಹಾಕ್ದಿ, ಆಮೇಲೆ ಸಿಟ್ಟಿನವು. ದಿನಾ ಕೇಳ್ತಿದ್ದೆ. ನೀ ಹೆಂಗೆ ಗುಣ ಆಗ್ತಿದ್ದೀ ಅಂತ ನನಗೆಲ್ಲ ಗೊತ್ತಾಗ್ತಿತ್ತು."

ಭವ್ಯಾಳ ನಗು ಹಾಗೇ ಇತ್ತು, ತೆಗೆಯುವುದನ್ನು ಮರೆತವಳ ಹಾಗೆ. "ನಿಮ್ಮ ಹೆಸರು ಬರ್ತಿರಲಿಲ್ಲ" ಅಂದಳು.

"ನೀಲಿ ಟಿಕ್ ತೆಗ್ದಿದ್ದೆ."

"ಜೋಗುಳ?"

"ಅದನ್ನೂ ಕೇಳ್ದೆ. ಎಷ್ಟು ಸಲ ಕೇಳ್ದೆ ಅಂತ ಅಕ್ಕನ್ನ ಕೇಳು."

ಅವಳು ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅದೂ ಎಂಥ ಮುತ್ತು ಒಡೆದೆ ಅಂತ ಇವನಿಗೆ ಗೊತ್ತೇ ಇರಲಿಲ್ಲ.

"ಅವತ್ತು ರಾತ್ರಿ ನಾನು ಬಾಗಿಲ ಚಿಲಕ ಹಾಕಗೊಡಲಿಲ್ಲ" ಅಂದಳು ಭವ್ಯಾ, ಮೆಲ್ಲಗೆ. "ಬೇಕಾದ್ರೆ ಅವ್ವನ್ನ ಕೇಳ್ರಿ. ಇದನ್ನ ಕೇಳಿದ್ರೆ ಬಂದೇ ಬರ್ತಾರೆ ಅಂತ ಕುಂತಿದ್ದೆ. ಬೆಳಗಾದ ಮ್ಯಾಲೆ ಫೋನ್ ನೋಡ್ದೆ. ನಿಮ್ಮ ಹೆಸರಿಲ್ಲ. ಪಾಪ, ಅವ್ರು ಕೇಳಿಲ್ಲ, ಕೇಳಿದ್ರೆ ಬರ್ತಿದ್ರು ಅಂತ ನನಗೆ ನಾನೇ ಹೇಳ್ಕೊಂಡೆ. ಇಷ್ಟು ದಿನ ಅದೊಂದೇ ಹೇಳ್ಕೊಂಡು ಬದುಕಿದೆ. ಅದರ ಮ್ಯಾಲೇ ಇವತ್ತು ಹೊರಟಿದ್ದೆ."

ಸಿದ್ದೇಶನ ಮುಖದಿಂದ ಹಬ್ಬ ಇಳಿಯಿತು. ಈಗ ಗೊತ್ತಾಯಿತು ಅವನಿಗೆ.

"ನಿನ್ನ ಒಳ್ಳೇದಕ್ಕೇ..." ಅಂದ.

"ಕೇಳಿಸ್ಕೊಂಡ್ರಿ. ಕೇಳಿಸ್ಕೊಂಡೂ ಬರಲಿಲ್ಲ." ಆಮೇಲೆ, ಕೊನೆಯ ಸಲ ಅನ್ನುವ ಹಾಗೆ ಕೇಳಿದಳು. "ಈಗ್ಲಾದ್ರೂ ಹೇಳ್ರಿ. ಎಲ್ಲಿ ಮಲಗಿಸಿದ್ರಿ ಅದನ್ನ?"

ದುರುಗವ್ವ ಪದ್ಧತಿ ಅಂತ ತಡೆಯಲಿಲ್ಲ. ನಾನೂ ತಡೆಯಲಿಲ್ಲ. ಹೇಳೋ ಅಂತ ಮನಸ್ಸಿನಲ್ಲೇ ಬೇಡಿಕೊಂಡೆ. ಅವನ ಬಾಯಿ ತೆರೆಯಿತು. ಆದರೆ ಬಲಗೈ ತನ್ನಷ್ಟಕ್ಕೆ ತಾನೇ ಜೇಬಿಗೆ ಹೋಯಿತು, ಫೋನಿಗೆ.

ಭವ್ಯಾ ಆ ಕೈಯನ್ನು ನೋಡಿದಳು. ಆಮೇಲೆ ಸೆರಗಿನ ಗಂಟು ಬಿಚ್ಚಿದಳು. ಅಕ್ಕಿಯನ್ನು ಮೊರಕ್ಕೆ ಸುರಿದು, ಕೊಬ್ಬರಿ, ಎಲೆ ಅಡಿಕೆ, ರವಿಕೆ ಕಣ ಒಂದೊಂದಾಗಿ ಅದರ ಮೇಲೆ ಇಟ್ಟು, ಮೊರ ಎತ್ತಿಕೊಂಡು ಒಳಗೆ ಹೋದಳು. ಕಟ್ಟಿದ ಉಡಿ ಬಿಚ್ಚಿದ್ದನ್ನು ನಾನು ಎಲ್ಲೂ ಕಂಡಿರಲಿಲ್ಲ. ದುರುಗವ್ವ ಬಾಯಿಗೆ ಸೆರಗು ಹಚ್ಚಿಕೊಂಡು ನಿಂತಿದ್ದಳು. ಯಾರೂ ನಮ್ಮನ್ನು ಹೋಗಿ ಅನ್ನಲಿಲ್ಲ, ಇರಿ ಅಂತಲೂ ಅನ್ನಲಿಲ್ಲ.

ವಾಪಸ್ ಬರುವ ಬಸ್ಸಿನಲ್ಲಿ ಡ್ರೈವರ್ ಜೋರಾಗಿ ಹಾಡು ಹಾಕಿದ್ದ. ಸಿದ್ದೇಶ ಕಿವಿ ಮುಚ್ಚಿಕೊಂಡು ಮುಂದಿನ ಸೀಟಿಗೆ ಹಣೆಯಿಟ್ಟು ಕೂತ. ಇಳಿಯುವ ತನಕ ತಲೆ ಎತ್ತಲಿಲ್ಲ.

ಈಗ ಅವನು ನೀಲಿ ಟಿಕ್ ಹಾಕಿಕೊಂಡಿದ್ದಾನೆ. ದಿನಾ ಊಟದ ಹೊತ್ತಿಗೆ ಸ್ಟೇಟಸ್ಸಿಗೆ ಒಂದು ಹಾಡು ಹಾಕುತ್ತಾನೆ. ಬಾ ಅನ್ನುವ ಹಾಡು, ಒಂಟಿಯಾದೆ ಅನ್ನುವ ಹಾಡು. ಆಮೇಲೆ ಊಟ ಬಿಟ್ಟು ಯಾರು ಯಾರು ನೋಡಿದರು ಅಂತ ಬೆರಳಾಡಿಸುತ್ತಾನೆ. ತಾರಿಕ್‌ನ ಹೆಸರಿರುತ್ತದೆ, ಲಾರಿಯವರದು, ಗಿರಾಕಿಗಳದು, ನನ್ನದು. ಅವಳದು ಇರುವುದಿಲ್ಲ. ಮಗು ಎಲ್ಲಿದೆ ಅಂತ ಇನ್ನೂ ಯಾರಿಗೂ ಹೇಳಿಲ್ಲ, ನನಗೂ ಹೇಳಿಲ್ಲ.

ನಿನ್ನೆ ತಟ್ಟೆ ಸರಿಸಿ ಕೇಳಿದ. "ಅಕ್ಕ, ಅವಳು ನೋಡ್ತಾನೇ ಇಲ್ವೋ, ಇಲ್ಲಾ ನನ್ನಂಗೆ ಟಿಕ್ ತೆಗ್ದು ನೋಡ್ತಾಳೋ?"

ನಾನು ಹೊಲಿಗೆ ಮಷಿನ್ ನಿಲ್ಲಿಸಿದೆ.

"ನೋಡ್ತಾ ಇಲ್ಲ ಅಂತಲೇ ಅಂದ್ಕೋ ಸಿದ್ದಾ" ಅಂದೆ. "ಅವಳೂ ಹಂಗೇ ಅಂದ್ಕೊಂಡು ಬದುಕಿದ್ಲು."