ಹದಿನೇಳನೇ ಗುಂಡಿಯ ಬೂದು ಚುಕ್ಕಿ

ನೀರು ಸರಬರಾಜು ಆಫೀಸಿನಲ್ಲಿ ಪರದೆ ನೋಡೋದು ನನ್ನ ಕೆಲಸ. ನೆಲದಡಿಯ ಪೈಪುಗಳ ಉದ್ದಕ್ಕೂ, ವಾಲ್ವ್ ಇರುವ ಗುಂಡಿ ಗುಂಡಿಯಲ್ಲೂ ಒಂದೊಂದು ಡಬ್ಬಿ ಕೂರಿಸಿದ್ದಾರೆ. ಪೈಪು ಸೋರಿದರೆ ಆ ಸದ್ದು ಡಬ್ಬಿಗೆ ಕೇಳಿಸುತ್ತೆ. ಡಬ್ಬಿ ತಂತಿಯಿಲ್ಲದೆ ಗಂಟೆಗೊಮ್ಮೆ ನನಗೆ ಸುದ್ದಿ ಕಳಿಸುತ್ತೆ. ಹಸಿರು ಚುಕ್ಕಿ ಅಂದರೆ ಕ್ಷೇಮ, ಕೆಂಪು ಅಂದರೆ ಸೋರಿಕೆ. ಸುದ್ದಿಯೇ ಬರದಿದ್ದರೆ ಚುಕ್ಕಿ ಬೂದು. ಬೂದು ಅಂದರೆ ಬ್ಯಾಟರಿ ಹೋಯ್ತು ಅಂತ ನಮ್ಮಲ್ಲಿ ಲೆಕ್ಕ. ಪಟ್ಟಿಗೆ ಬರೆದಿಟ್ಟರೆ ಮೂರು ತಿಂಗಳಿಗೊಮ್ಮೆ ಹೋಗಿ ಬದಲಾಯಿಸುತ್ತಾರೆ. ಎಂಟು ವರ್ಷದಿಂದ ಚುಕ್ಕಿ ನೋಡಿ ನೋಡಿ ಕಣ್ಣು ಸೋತುಹೋಗಿದೆ, ಸಾಕಪ್ಪಾ ಸಾಕು.

ನಮ್ಮಕ್ಕನ ಮನೆ ಹದಿನೇಳನೇ ಗುಂಡಿಯ ಎದುರಿಗೇ. ಭಾವ ಹೋದಮೇಲೆ, ಮುಂದಿನ ಕೋಣೆಯಲ್ಲಿ ಎರಡು ಹೊಲಿಗೆ ಯಂತ್ರ ಇಟ್ಟುಕೊಂಡು ಒಬ್ಬಳೇ ಆ ಮನೆಯನ್ನ ಉಳಿಸಿಕೊಂಡವಳು. ಎರಡು ತಿಂಗಳ ಹಿಂದೆ ಫೋನ್ ಮಾಡಿ, ಗೋಡೆ ಬುಡದಲ್ಲಿ ತೇವ ಏರ್ತಿದೆ, ನಿಮ್ಮ ಪೈಪೇ ಇರಬೇಕು ಕಣೇ ಅಂದಳು. ನೋಡಿದೆ. ಅವಳ ಬೀದಿಯಲ್ಲಿ ಒಂದೂ ಕೆಂಪಿಲ್ಲ. ಹದಿನೇಳು ಬೂದು, ಬ್ಯಾಟರಿ ಪಟ್ಟಿಗೆ ಹಿಂದಿನ ವಾರವಷ್ಟೇ ನಾನೇ ಬರೆದಿದ್ದೆ. ನಮ್ಮದಲ್ಲ, ನಿನ್ನ ಬಚ್ಚಲದ್ದು ಅಂದೆ. ಪಾಪ, ಬಚ್ಚಲು ಒಡೆಸಿದಳು. ಏನೂ ಸಿಗಲಿಲ್ಲ. ಮತ್ತೆ ಫೋನು. ಗೋಡೆ ಬಿರುಕು ಬಿಟ್ಟಿದೆ, ಮನೆ ಕುಸಿದುಬಿಡುತ್ತೇನೋ ಅಂತ ಭಯ ಆಗ್ತಿದೆ ಅಂದಳು. ಸುಮ್ಮನೆ ತಲೆ ತಿನ್ನಬೇಡ ಅಂತ ರೇಗಿದೆ. ಪರದೆಯಲ್ಲಿ ಕೆಂಪಿಲ್ಲದೆ ಅಕ್ಕನ ಮನೆಗೆ ಜನ ಕಳಿಸಿದರೆ ಆಫೀಸಿನವರು ಆಡಿಕೊಳ್ಳುತ್ತಾರೆ ಅನ್ನೋ ಅಳುಕೂ ಇತ್ತು, ಸುಳ್ಳೇಕೆ ಹೇಳಲಿ.

ಮೊನ್ನೆ ಬೆಳಿಗ್ಗೆ ಬ್ಯಾಟರಿ ಬದಲಾಯಿಸುವವನು ಅಲ್ಲಿಂದ ಫೋನ್ ಮಾಡಿದ. "ಮೇಡಂ, ಬ್ಯಾಟರಿ ಚೆನ್ನಾಗೇ ಇದೆ. ಗುಂಡಿ ತುಂಬ ನೀರು. ಡಬ್ಬಿ ಮುಳುಗಿದೆ."

ನೀರಿನೊಳಗಿಂದ ಅದರ ಸುದ್ದಿ ಹೊರಗೆ ಬರೋದಿಲ್ಲ. ಪೈಪು ಸೋರ್ತಿದೆ ಅಂತ ಅದು ಗಂಟೆಗೊಮ್ಮೆ ಕೂಗಿಕೊಂಡೇ ಇತ್ತು, ಎರಡು ತಿಂಗಳು. ಒಂದು ಸಲ ಕೆಂಪು ತೋರಿಸೋ ಮೊದಲೇ ಗುಂಡಿ ತುಂಬಿ, ಸೋರಿದ ನೀರೇ ಅದರ ಬಾಯಿ ಮುಚ್ಚಿತ್ತು. ನಾನು ಬ್ಯಾಟರಿ ಅಂತ ಬರೆದು ಕೈ ತೊಳೆದುಕೊಂಡಿದ್ದೆ.

ಓಡಿದೆ. ನೀರು ನಿಲ್ಲಿಸಿ ಅಗೆದು ನೋಡಿದರೆ ಅಕ್ಕನ ಗೋಡೆಯ ಕೆಳಗೆ ಮಣ್ಣೇ ಇರಲಿಲ್ಲ, ಎಲ್ಲ ಕೊಚ್ಚಿಕೊಂಡು ಹೋಗಿತ್ತು. ಈ ಮನೆ ಇನ್ನು ನಿಲ್ಲೋದಿಲ್ಲ, ಇವತ್ತೇ ಖಾಲಿ ಮಾಡಿ ಅಂದರು ಇಂಜಿನಿಯರ್.

ಅಕ್ಕ ಬೀದಿಯಲ್ಲಿ, ಹೊರಗೆ ತಂದಿಟ್ಟ ಹೊಲಿಗೆ ಯಂತ್ರಗಳ ಪಕ್ಕ ಸ್ಟೂಲ್ ಹಾಕಿಕೊಂಡು ಕೂತಿದ್ದಳು. ಬಾಯಿಗೆ ಬಂದ ಹಾಗೆ ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಡಬ್ಬಿ, ನೀರು, ಬೂದು ಚುಕ್ಕಿ ಎಲ್ಲವನ್ನೂ ಬಿಡಿಸಿ ಹೇಳಿದೆ. ಪೂರ್ತಿ ಕೇಳಿಸಿಕೊಂಡಳು.

"ಗುಂಡಿಯ ಮುಚ್ಚಳ ಎತ್ತಿದ್ದರೆ ನೀರು ಕಾಣ್ತಿತ್ತಾ?"

"ಕಾಣ್ತಿತ್ತು."

"ನಿನ್ನ ಆಫೀಸಿಂದ ಇಲ್ಲಿಗೆ ಎಷ್ಟು ದೂರ?"

"ನಡೆದರೆ ಹತ್ತು ನಿಮಿಷ ಅಕ್ಕಾ" ಅಂದೆ.