ಮೇಸ್ತ್ರಿ ಕೂತ ಕುರ್ಚಿ

ನಾವು ನೀವೆಲ್ಲ ಕುರ್ಚಿ ಕಂಡರೆ ಕೂತುಬಿಡುತ್ತೇವೆ. ನಮ್ಮ ಮೇಸ್ತ್ರಿ ಕೂರುವುದೆಂದರೆ ಅದೊಂದು ವಿಧಿ. ಮೊದಲು ಕುರ್ಚಿಗೆ ಬೆನ್ನು ಕೊಟ್ಟು ನಿಲ್ಲುವರು. ಎರಡೂ ಕೈಗಳನ್ನು ಹಿಂದಕ್ಕೆ ಚಾಚಿ ಅದರ ತೋಳುಗಳನ್ನು ತಡವಿ, ಕಣ್ಣು ಮುಚ್ಚಿ, ಆ ಮಹಾಕಾಯವನ್ನು ಇಷ್ಟಿಷ್ಟಾಗಿ ಇಳಿಬಿಟ್ಟು, ಪೂರ್ತಿ ಇಳಿದಾದ ಮೇಲೆ ಎಡಕ್ಕೊಮ್ಮೆ ವಾಲಿ, ಬಲಕ್ಕೊಮ್ಮೆ ವಾಲಿ, ಕೊನೆಗೆ ಹಿಂದಿನ ಎರಡೇ ಕಾಲುಗಳ ಮೇಲೆ ಕುರ್ಚಿಯನ್ನು ನಿಲ್ಲಿಸಿಕೊಂಡು, ಮರದೊಳಗಿಂದ ಏನಾದರೂ ಸದ್ದು ಬರುತ್ತದೆಯೋ ಎಂದು ಕಿವಿಗೊಡುವರು. ಬಾರದಿದ್ದರೆ ಕಣ್ಣು ತೆರೆದು, "ಆಯ್ತು, ತಗೊಂಡ್ಹೋಗಿ" ಎನ್ನುವರು. ಬಂದರೆ ತುಟಿ ಎರಡು ಮಾಡದೆ ಎದ್ದು, ಗಿರಾಕಿ ಎದುರಿಗೇ ನಿಂತಿದ್ದರೂ ಲೆಕ್ಕಿಸದೆ, ಸುತ್ತಿಗೆ ಎತ್ತಿಕೊಂಡು ಆ ಕುರ್ಚಿಯನ್ನು ಬಿಚ್ಚತೊಡಗುವರು.

ಅವರ ಅಂಗಡಿಯಲ್ಲಿ ಪಾಲಿಶ್ ಕೆಲಸ ನನ್ನದು. ಆ ಬೀದಿಯಲ್ಲಿ ಕುರ್ಚಿ ಮಾಡುವವರು ಬೇರೆ ಇರಲಿಲ್ಲವೆಂದಲ್ಲ. ಇದ್ದರು, ಬೋರ್ಡು ಬರೆಸಿದ್ದರು, ಇಷ್ಟು ವರ್ಷ ಬಾಳಿಕೆ ಎಂದು ಚೀಟಿ ಕೊಡುತ್ತಿದ್ದರು. ನಮ್ಮಲ್ಲಿ ಬೋರ್ಡೂ ಇಲ್ಲ, ಚೀಟಿಯೂ ಇಲ್ಲ. ಕ್ಷೌರದಂಗಡಿಯವನಿರಲಿ, ಶಾಲೆಯ ಹೆಡ್‌ಮಾಸ್ತರರಿರಲಿ, ಮಾಲು ಒಯ್ಯಲು ಬಂದವರು ಕೇಳುತ್ತಿದ್ದುದು ಒಂದೇ: "ಮೇಸ್ತ್ರಿ ಕೂತು ನೋಡಿದಾರಾ?" ಕೂತಿದ್ದಾರೆ ಎಂದರೆ ಮುಗಿಯಿತು. ಅಂಥ ಶರೀರವನ್ನು ತಡೆದುಕೊಂಡ ಕುರ್ಚಿ ಇನ್ನಾರನ್ನು ತಡೆಯಲಿಕ್ಕಿಲ್ಲ? ಅವರ ತೂಕವೇ ಅವರ ಸಹಿ, ಅವರ ತೂಕವೇ ಅವರ ಮೊಹರು.

ಬೀರುವನ್ನು ಒಬ್ಬನೇ ಸರಿಸಬೇಕಾದಾಗ ಒಂದು ಮೂಲೆ ಮುಂದಕ್ಕಿಟ್ಟು ಆಮೇಲೆ ಇನ್ನೊಂದು ಮೂಲೆ ಎಳೆಯುತ್ತೇವಲ್ಲ, ಅವರ ನಡಿಗೆ ಹಾಗಿತ್ತು. ಮೈಮೇಲೆ ಸದಾ ಒಂದು ಕಂದು ಕೋಟು. ಅದರ ಜೇಬುಗಳಲ್ಲಿ ಮರದ ಬೆಣೆಗಳು, ಸೀಸದ ಕಡ್ಡಿ ತುಂಡುಗಳು, ಉಪ್ಪು ಕಾಗದದ ಚೂರುಗಳು. ಗುಂಡಿ ಹಾಕಿ ಯಾವ ಕಾಲವಾಗಿತ್ತೋ, ಗುಂಡಿಗೂ ಕಾಜಕ್ಕೂ ನಡುವೆ ಒಂದು ಗೇಣಿನ ವೈಮನಸ್ಯ. ಮಾತು ಕಡಿಮೆ. ಆಡಿದರೆ ಪ್ರತಿ ಮಾತಿಗೂ "ಇರ್ಲಿ" ಎಂಬ ಬಾಲ. ಮಳೆ ಬಂದರೂ ಇರ್ಲಿ, ಮರದ ಲಾರಿ ಬಾರದಿದ್ದರೂ ಇರ್ಲಿ. ನಾನು ಸಿಟ್ಟಿನಲ್ಲಿ ಬ್ರಷ್ ಎಸೆದರೆ ಅದನ್ನು ಬಗ್ಗಿ ಎತ್ತಿಕೊಡಲಾರದೆ ಕಾಲಿನಿಂದ ನನ್ನತ್ತ ತಳ್ಳಿ, "ಇರ್ಲಿ, ತಗೋ" ಎನ್ನುತ್ತಿದ್ದರು. ಅಂಥವರ ಮೇಲೆ ಎಷ್ಟು ಹೊತ್ತು ಸಿಟ್ಟು ಮಾಡುವುದು?

ಕೆಳಗೆ ಅಂಗಡಿ, ಮೇಲೆ ಮನೆ, ನಡುವೆ ಅವರೇ ಮಾಡಿದ ಮರದ ಮೆಟ್ಟಿಲು. ಅರವತ್ತೈದು ದಾಟಿದ ಮೇಲೆ ಆ ಮೆಟ್ಟಿಲೇ ಅವರ ವೈರಿಯಾಯಿತು. ಮೊದಮೊದಲು ಅರ್ಧದಲ್ಲಿ ನಿಂತು, ಕೈಹಿಡಿಯ ಪಾಲಿಶ್ ಪರೀಕ್ಷಿಸುವವರಂತೆ ನಟಿಸಿ ಉಸಿರು ತೆಗೆದುಕೊಳ್ಳುತ್ತಿದ್ದರು. ಆಮೇಲೆ ಮಧ್ಯಾಹ್ನದ ಊಟ ಕೆಳಗೇ ಬರತೊಡಗಿತು. ಕಡೆಗೆ ಹಾಸಿಗೆಯೂ ಇಳಿದುಬಂದು ಹಲಗೆ ಜೋಡಿಸಿಡುವ ಕೋಣೆಯಲ್ಲಿ ಠಿಕಾಣಿ ಹೂಡಿತು. ಮಂಡಿನೋವು ನೋಡಿದ ವೈದ್ಯರು, ತೂಕ ಇಳಿಯದೆ ಮಂಡಿ ಮುಟ್ಟುವುದಿಲ್ಲವೆಂದು ಕೈಚೆಲ್ಲಿದರು. ನಿದ್ದೆಯಲ್ಲಿ ಅವರ ಉಸಿರು ನಿಂತು ನಿಂತು ಹೊರಡುತ್ತಿತ್ತಂತೆ. ಅದನ್ನು ಹೇಳಿದವರು ಅವರ ಹೆಂಡತಿ, ನಾನು ಅಕ್ಕ ಎಂದು ಕರೆಯುವ ಸಣಕಲು ಹೆಂಗಸು. ನಿಂತ ಉಸಿರು ಮತ್ತೆ ಹೊರಡುವ ತನಕ ತನ್ನ ಉಸಿರನ್ನೂ ಹಿಡಿದುಕೊಂಡು ಕೂರುತ್ತೇನೆ ಎಂದು, ಬೇರೆ ಯಾರದೋ ಸುದ್ದಿಯೆಂಬಂತೆ ಅವರು ಹೇಳಿದ್ದು ನನಗೆ ಇನ್ನೂ ಮರೆತಿಲ್ಲ.

ತೂಕ ಇಳಿಸಲು ಹೊಟ್ಟೆಯೊಳಗೆ ಪಟ್ಟಿ ಕಟ್ಟುವ ಶಸ್ತ್ರಚಿಕಿತ್ಸೆಯ ಮಾತು ತೆಗೆದವರೂ ಅಕ್ಕನೇ. ನೆಂಟರಿಷ್ಟರು ಹುಬ್ಬೇರಿಸಿದರು. ಈ ವಯಸ್ಸಿನಲ್ಲಿ ಯಾರಿಗೆ ಚಂದ ಕಾಣಬೇಕು ಎಂದವರಿದ್ದರು. ಅಕ್ಕನ ತಮ್ಮನಂತೂ ಅಂಗಡಿಗೇ ಬಂದು ಕೂತು, ಬಾಯಿ ಕಟ್ಟಿದರಾಯಿತಲ್ಲ, ಹೊಟ್ಟೆ ಯಾಕೆ ಕಟ್ಟಬೇಕು ಎಂದು ನಕ್ಕ. ನನಗೆ ಉರಿದುಹೋಯಿತು. ಆತನ ಮುಂದಿದ್ದ ಬಿಸ್ಕತ್ತಿನ ತಟ್ಟೆಯನ್ನು ಎತ್ತಿಕೊಂಡು ಹೋಗಿ ಒಳಗಿಟ್ಟುಬಂದೆ. ಬಾಯಿ ಕಟ್ಟುವುದು ಅಷ್ಟು ಸಲೀಸಾದರೆ ಮೊದಲು ಆತನೇ ಕಟ್ಟಿಕೊಳ್ಳಬಹುದಿತ್ತು.

ಮೇಸ್ತ್ರಿ ಮಾತ್ರ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಭಯವಿರಬೇಕೆಂದು ನಾವೆಲ್ಲ ಅಂದುಕೊಂಡೆವು. ಒಂದು ದಿನ ಅಂಟು ಕಲಸುತ್ತ ಕಲಸುತ್ತ, ನನ್ನ ಮುಖ ನೋಡದೆ ಕೇಳಿದರು:

"ನಾನು ಸಣ್ಣಗಾದ್ರೆ ಕುರ್ಚಿ ನೋಡೋರ್ ಯಾರೋ?"

ಆಗ ತಿಳಿಯಿತು ನನಗೆ, ಅವರನ್ನು ಕೊರೆಯುತ್ತಿದ್ದ ಹುಳು ಯಾವುದೆಂದು. ಹೊಟ್ಟೆಗೆ ಕತ್ತಿ ತಗಲುವ ಅಂಜಿಕೆಯಲ್ಲ. ಅಷ್ಟು ವರ್ಷ ಊರಿನವರು ಯಾವುದನ್ನು ನಂಬಿ ಕೂತರೋ ಆ ಅಳತೆಗೋಲೇ ಸವೆದುಹೋದರೆ ಮುಂದೇನು ಎಂಬ ಚಿಂತೆ. ಜೀವ ಹೋದರೆ ಯಾರು ನೋಡುತ್ತಾರೆ ಹಾಗಾದರೆ ಎಂದು ನಾನು ಕೂಗಾಡಿದೆ. ಅವರು ಇರ್ಲಿ ಎಂದು ಅಂಟು ಕಲಸಿದರು.

ಆಸ್ಪತ್ರೆಗೆ ಮೂವರೂ ಹೋದೆವು. ಡಾಕ್ಟರಮ್ಮ ಮೇಜಿನ ಮೇಲೆ ಒಂದು ಮೆತ್ತನೆಯ ಉಂಗುರವಿಟ್ಟು, ಇದು ಜಠರದ ಮೇಲ್ಭಾಗವನ್ನು ಸುತ್ತಿ ಕೂರುತ್ತದೆ, ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದಂತಾಗುತ್ತದೆ, ಚರ್ಮದ ಕೆಳಗೊಂದು ಪುಟ್ಟ ಗುಬುಟು ಇರುತ್ತದೆ, ಅದರೊಳಕ್ಕೆ ಸೂಜಿಯಿಂದ ನೀರು ತುಂಬಿದರೆ ಉಂಗುರ ಬಿಗಿ, ತೆಗೆದರೆ ಸಡಿಲ ಎಂದು ವಿವರಿಸಿದರು. ಮೇಸ್ತ್ರಿ ಅದನ್ನು ಕೈಗೆತ್ತಿಕೊಂಡು ಬೆರಳಲ್ಲಿ ತಿರುಗಿಸಿ ತಿರುಗಿಸಿ ನೋಡಿದರು. ಜಠರವನ್ನು ಕೊಯ್ಯುವುದಿಲ್ಲ, ಬೇಕಾದರೆ ಉಂಗುರವನ್ನು ಹೊರತೆಗೆಯಬಹುದು ಎಂದಾಗ ಅವರ ಮುಖ ತುಸು ಅರಳಿತು. ಬಿಚ್ಚಲು ಬಾರದ ಜೋಡಣೆಯನ್ನು ಅವರು ಜೀವಮಾನದಲ್ಲಿ ಮಾಡಿದವರಲ್ಲ. ಡಾಕ್ಟರಮ್ಮ ಮಾತಿಗೆ ಸಕ್ಕರೆ ಸವರಲಿಲ್ಲ. ಈ ವಯಸ್ಸಿನಲ್ಲಿ ತೂಕ ನಿಧಾನಕ್ಕೆ ಇಳಿಯುತ್ತದೆ, ಕೊಬ್ಬಿನ ಜೊತೆ ಕೈಕಾಲಿನ ಕಸುವೂ ಕರಗುತ್ತದೆ, ಮೊಟ್ಟೆ ಮೊಸರು ಬಿಡಬಾರದು, ನಡೆಯದೆ ಕೂರಬಾರದು ಎಂದರು.

"ಬಿಗಿ ಮಾಡೋದು ಯಾರ ಕೈಲಿದೆ?" ಎಂದು ಮೇಸ್ತ್ರಿ ಕೇಳಿದರು.

"ನನ್ನ ಕೈಲಿ."

"ಮತ್ತೆ ಊಟ?"

"ಅದು ನಿಮ್ಮ ಕೈಲೇ. ಉಂಗುರ ನೆನಪು ಮಾಡುತ್ತೆ ಅಷ್ಟೇ, ಕೆಲಸ ಮಾಡೋದು ನೀವು."

ಮೇಸ್ತ್ರಿಗೆ ಈ ಉತ್ತರ ಹಿಡಿಸಿತು. ಆದರೂ ಅವರನ್ನು ಒಪ್ಪಿಸಿದ್ದು ಅದಲ್ಲ. ಹೊರಗಿನ ಬೆಂಚಿನ ಮೇಲೆ, ರಾತ್ರಿಗಳ ನಿದ್ದೆಗೆಟ್ಟ ಅಕ್ಕ ತೂಕಡಿಸುತ್ತಿದ್ದರು, ಹಗಲು ಹೊತ್ತಿನಲ್ಲಿ, ಜನಗಳ ನಡುವೆ, ಬಾಯಿ ತೆರೆದುಕೊಂಡು. ಮೇಸ್ತ್ರಿ ಅವರನ್ನೇ ನೋಡುತ್ತ ನಿಂತಿದ್ದು, ತಿರುಗಿ ಒಳಗೆ ಹೋಗಿ ಒಪ್ಪಿಗೆ ಕೊಟ್ಟು ಬಂದರು.

ಚಿಕಿತ್ಸೆ ಸಲೀಸಾಗಿ ಮುಗಿಯಿತು. ತಿನ್ನುವುದನ್ನು ಕಲಿಯುವುದು ಸಲೀಸಾಗಲಿಲ್ಲ. ಕೆಲವು ವಾರ ಬರೀ ನೀರುನೀರು, ಆಮೇಲೆ ಹಿಸುಕಿದ್ದು, ಆಮೇಲೆ ಮಗುವಿನ ಬಟ್ಟಲಿನಷ್ಟು ಊಟ. ತುತ್ತಿನ ನಡುವೆ ನೀರು ಕುಡಿಯುವಂತಿಲ್ಲ. ಮೊದಲ ಸಲ ಬ್ರೆಡ್ಡಿನ ಚೂರನ್ನು ಅಭ್ಯಾಸಬಲದಿಂದ ನುಂಗಿಬಿಟ್ಟಾಗ ಅದು ಎದೆಯ ಹತ್ತಿರ ಸಿಕ್ಕಿಕೊಂಡು, ಬಾಯಲ್ಲಿ ನೊರೆಯೆದ್ದು, ಹಿತ್ತಲಿಗೆ ಹೋಗಿ ಗೋಡೆ ಹಿಡಿದು ನಿಂತಿದ್ದರು. ವಾಪಸು ಬಂದಾಗ ಮೊಳೆಯನ್ನು ಸೊಟ್ಟ ಹೊಡೆದ ಹೊಸಬನ ಮುಖ. ಆಮೇಲೆ ಯಾರೆದುರಿಗೂ ಉಣ್ಣಲು ನಾಚಿ ಹಲಗೆ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದರು. ಅಕ್ಕ ತಮ್ಮ ತಟ್ಟೆಯನ್ನೂ ಅಲ್ಲಿಗೇ ಒಯ್ದು, ಅವರು ಅಗಿಯುವಷ್ಟು ಹೊತ್ತು ತಾವೂ ಅಗಿಯುತ್ತ ಕೂತರು. ಗಿರಾಕಿಗಳ ಮನೆಯಲ್ಲಿ ತಿಂಡಿ ಬೇಡವೆಂದರೆ ಮುನಿಸು. ಹಾಗಾಗಿ ಬಿಸ್ಕತ್ತುಗಳು ಕೋಟಿನ ಜೇಬು ಸೇರಿ ಬೆಣೆಗಳ ಜೊತೆ ಪುಡಿಯಾದವು.

ಮೇಸ್ತ್ರಿ ಕರಗತೊಡಗಿದರು. ಕೋಟಿನ ಗುಂಡಿ ಕಾಜವನ್ನು ಮುಟ್ಟಿತು, ಹಾದುಹೋಯಿತು. ಉಸಿರು ಸಮವಾಯಿತು. ಒಂದು ಮಧ್ಯಾಹ್ನ ಅವರು ಎಲ್ಲೂ ನಿಲ್ಲದೆ ಮೆಟ್ಟಿಲು ಹತ್ತಿ ಮೇಲೆ ಹೋದರು. ಮೇಲಿಂದ ಅಕ್ಕ ನಕ್ಕದ್ದು ಕೇಳಿ ನನ್ನ ಬ್ರಷ್ಷು ಹಾಗೇ ನಿಂತುಬಿಟ್ಟಿತು.

ಇಷ್ಟೆಲ್ಲದರ ನಡುವೆ ಒಂದು ಮಾತ್ರ ಬದಲಾಗಲಿಲ್ಲ. ಕುರ್ಚಿ ತಯಾರಾದರೆ ಅವರು ಬೆನ್ನು ಕೊಟ್ಟು ನಿಲ್ಲುವರು, ಕಣ್ಣು ಮುಚ್ಚುವರು, ಇಳಿಯುವರು, ವಾಲುವರು, "ಆಯ್ತು, ತಗೊಂಡ್ಹೋಗಿ" ಎನ್ನುವರು. ಅಡ್ಡಿಯಿಲ್ಲದೆ ಒಂದರ ಹಿಂದೊಂದು ಕುರ್ಚಿ ಪಾಸಾದವು. ಸುತ್ತಿಗೆ ಎತ್ತುವ ಪ್ರಸಂಗವೇ ಬರುತ್ತಿಲ್ಲವಲ್ಲ, ಕೈ ಪಳಗಿದ್ದು ಅಂದರೆ ಇದು ಎಂದು ನಾವು ಬೀಗಿದೆವೇ ಹೊರತು, ಕೂರುವ ಶರೀರ ಕಾಲುಭಾಗ ಕರಗಿದೆ ಎಂಬುದು, ಅಂಟು ಕಲಸುತ್ತ ಅವರೇ ಹಿಂದೊಮ್ಮೆ ಕೇಳಿದ್ದ ಆ ಪ್ರಶ್ನೆ, ನಮ್ಮಿಬ್ಬರಲ್ಲಿ ಒಬ್ಬರಿಗೂ ನೆನಪಾಗಲಿಲ್ಲ.

ಅಂಚೆ ಕಚೇರಿಯಿಂದ ನಿವೃತ್ತರಾದ ಒಬ್ಬ ದಪ್ಪ ಹೆಂಗಸು ಆಟೋದಲ್ಲಿ ಕುರ್ಚಿಯನ್ನು ವಾಪಸು ತಂದರು. ಹಿಂದಿನ ಕಾಲು ಸಂದಿನಿಂದ ಕಿತ್ತು ಬಂದಿತ್ತು. ಅವರ ಮಣಿಕಟ್ಟಿಗೆ ಪಟ್ಟಿ ಕಟ್ಟಿತ್ತು. ಕೂಗಾಡುತ್ತಾರೆಂದು ನಾನು ಸೊಂಟ ಕಟ್ಟಿ ನಿಂತೆ. ಅವರು ಕೂಗಾಡಲಿಲ್ಲ.

"ನೀವು ಕೂತು ನೋಡಿದೀರಿ ಅಂತ ಧೈರ್ಯವಾಗಿ ಕೂತೆ ಮೇಸ್ತ್ರಿ" ಎಂದರು.

ಮೇಸ್ತ್ರಿ ನೆಲದ ಮೇಲೆ ಕೂತು ಸಂದನ್ನು ಬೆಳಕಿಗೆ ಹಿಡಿದರು. ಚಿಕಿತ್ಸೆಯಾಗಿ ಮೈ ಸಾಕಷ್ಟು ಇಳಿದ ಮೇಲೆ ಮಾಡಿದ ಕುರ್ಚಿ. ಆಗ ಕೈಯಲ್ಲಿ ಕಸುವಿರಲಿಲ್ಲ, ಅಂಟು ಒಣಗುವ ತನಕ ಸಂದನ್ನು ಅದುಮಿ ಹಿಡಿಯುವ ಕ್ಲಾಂಪನ್ನು ಸಾಕಷ್ಟು ಬಿಗಿದಿರಲಿಲ್ಲ, ಅಂಟು ಒಂದೇ ಬದಿಗೆ ಹಿಡಿದಿತ್ತು. ಹಳೆಯ ತೂಕದ ಮೇಸ್ತ್ರಿ ಕೂತಿದ್ದರೆ ಆ ಸಂದು ಅಲ್ಲೇ ಕಿರುಗುಟ್ಟಿ ಸತ್ಯ ಒಪ್ಪಿಕೊಳ್ಳುತ್ತಿತ್ತು. ಅವರು ತಲೆ ಎತ್ತಿ ಆ ಹೆಂಗಸಿಗೆ ಹೇಳಿದ್ದು ಇಷ್ಟೇ:

"ಕೂತಿದ್ದೆ ನಿಜ ತಾಯಿ. ಆದ್ರೆ ಪೂರಾ ಕೂತಿರ್ಲಿಲ್ಲ."

ಆ ಸಲ "ಇರ್ಲಿ" ಬರಲಿಲ್ಲ.

ಮಾರನೆಯ ದಿನವೇ ಆಸ್ಪತ್ರೆಗೆ ಹೊರಟರು. ಅಕ್ಕನೂ ನಾನೂ ಜೊತೆಗೆ ಹೋದೆವು. ಡಾಕ್ಟರಮ್ಮನ ಮುಂದೆ ಅಂಗಿ ಮೇಲೆತ್ತಿ, ಈ ಉಂಗುರವನ್ನು ಪೂರ್ತಿ ಸಡಿಲ ಮಾಡಿಕೊಡಿ, ನನಗೆ ನನ್ನ ತೂಕ ವಾಪಸು ಬೇಕು ಎಂದರು. ಡಾಕ್ಟರಮ್ಮ ನಗಲಿಲ್ಲ. ಸಡಿಲ ಮಾಡುವುದು ಒಂದು ಸೂಜಿಯ ಕೆಲಸ, ಆದರೆ ಕಾರಣ ಹೇಳಿ ಎಂದರು. ಮೇಸ್ತ್ರಿ ಹೇಳಿದರು. ಹತ್ತು ಮಾತು ಒಟ್ಟಿಗೆ ಆಡದ ಮನುಷ್ಯ ಕುರ್ಚಿ, ಕಾಲು, ಆ ಹೆಂಗಸಿನ ಮಣಿಕಟ್ಟು ಎಲ್ಲವನ್ನೂ ತಡವರಿಸುತ್ತ ಹೇಳಿಕೊಂಡರು. ನಾನು ಹಲ್ಲು ಕಚ್ಚಿಕೊಂಡು ನಿಂತಿದ್ದೆ. ಬಾಯಿ ತೆರೆದಿದ್ದರೆ ಆಸ್ಪತ್ರೆಯ ಗೋಡೆ ಬಿರಿಯುತ್ತಿತ್ತು.

ಮಾತಾಡಿದವರು ಅಕ್ಕ, ತೀರ ಮೆಲ್ಲಗೆ.

"ಕುರ್ಚಿ ಮುರೀತು ಅಂತ ಆಯಮ್ಮ ನಿಮ್ಮ ಅಂಗಡಿಗೆ ತಂದ್ರು. ನೀವು ಮುರಿದ್ರೆ ನಾನು ಯಾವ ಅಂಗಡಿಗೆ ತಗೊಂಡ್ ಹೋಗ್ಲಿ?"

ಡಾಕ್ಟರಮ್ಮನ ಕೈಯಲ್ಲಿ ಸೂಜಿ ಇನ್ನೂ ಕವಚದೊಳಗೇ ಇತ್ತು. ಮೇಸ್ತ್ರಿ ತಮ್ಮ ಹೊಟ್ಟೆಯ ಆ ಗುಬುಟನ್ನು ನೋಡಿಕೊಂಡು, ಮೆಲ್ಲಗೆ ಅಂಗಿ ಇಳಿಸಿ, ಗುಂಡಿ ಹಾಕಿಕೊಂಡು ಎದ್ದರು.

ಆಮೇಲೆ ಅವರು ಮಾಡಿದ ಕೆಲಸವನ್ನು ಮಾಡಲು ಬೇರೆಯವರಿಗೆ ಎದೆ ಬೇಕು. ಅಂಗಡಿಯಲ್ಲಿದ್ದ ಕಬ್ಬಿಣದ ಕ್ಲಾಂಪುಗಳನ್ನೆಲ್ಲ ಒಂದು ಪೆಟ್ಟಿಗೆಗೆ ತುಂಬಿದರು. ತಾವು ಕಳೆದುಕೊಂಡ ಭಾರ ಇಷ್ಟಿರಬಹುದೆಂದು ಎತ್ತಿ ಎತ್ತಿ ನೋಡಿ ಇನ್ನಷ್ಟು ಸೇರಿಸಿದರು. ಪೆಟ್ಟಿಗೆ ತಳ್ಳುಗಾಡಿ ಏರಿತು, ಗಾಡಿ ನನ್ನ ಪಾಲಿಗೆ ಬಂತು. ಚಿಕಿತ್ಸೆಯಾದ ಮೇಲೆ ಮಾರಿದ ಒಂದೊಂದು ಕುರ್ಚಿ ಇದ್ದ ಮನೆಗೂ ಅವರು ನಡೆದೇ ಹೋದರು. ಹಿಂದಿನ ಮೇಸ್ತ್ರಿಯಾಗಿದ್ದರೆ ಬೀದಿಯ ತುದಿಯೂ ಮುಟ್ಟುತ್ತಿರಲಿಲ್ಲ. ಈಗ ಗಾಡಿ ತಳ್ಳುವ ನನಗಿಂತ ಮುಂದೆ ಮುಂದೆ. ಬಾಗಿಲು ತೆರೆದವರಿಗೆ ಒಂದೇ ಮಾತು:

"ಇದರ ಮೇಲೆ ನಾನು ಕೂತಿದ್ದೆ. ಆಗ್ಲೇ ನಾನು ಮೊದಲಿನ ನಾನಾಗಿರ್ಲಿಲ್ಲ. ಇನ್ನೊಂದ್ ಸಲ ಕೂರ್ತೀನಿ."

ಜನ ನಕ್ಕರು. ಕುರ್ಚಿ ಗಟ್ಟಿಯಾಗಿದೆ, ಬಿಡಿ ಮೇಸ್ತ್ರಿ ಎಂದರು. ಹೀಗೆ ಮನೆಮನೆಗೆ ಹೋಗಿ ಹೇಳಿಕೊಂಡರೆ ಅಂಗಡಿ ಮುಚ್ಚಬೇಕಾಗುತ್ತದೆ ಎಂದು ದಾರಿಯಲ್ಲಿ ನಾನೂ ಗೊಣಗಿದೆ. ಯಾರ ಮಾತೂ ಅವರ ಕಿವಿಗೆ ಹೋಗಲಿಲ್ಲ. ಪೆಟ್ಟಿಗೆಯನ್ನು ನಾನು ಅವರ ತೊಡೆಯ ಮೇಲೆ ಇಡಬೇಕು, ಅವರು ಅದನ್ನು ತಬ್ಬಿಕೊಂಡು ವಾಲಬೇಕು, ಮನೆಯವರೆಲ್ಲ ಸುತ್ತ ನಿಂತು ನೋಡಬೇಕು. ಹೆಚ್ಚಿನವು ತಡೆದವು. ಎರಡು ಸದ್ದು ಮಾಡಿದವು. ಅವು ಅದೇ ಗಾಡಿಯಲ್ಲಿ ನಮ್ಮ ಜೊತೆ ಅಂಗಡಿಗೆ ಬಂದವು.

ಎಲ್ಲಕ್ಕಿಂತ ಕಡೆಗೆ ಆ ಅಂಚೆ ಕಚೇರಿಯ ಹೆಂಗಸಿನ ಮನೆ. ಹೊಸದಾಗಿ ಕೂಡಿಸಿದ ಕುರ್ಚಿಯನ್ನು ನಡುಮನೆಯಲ್ಲಿಟ್ಟು, ಪೆಟ್ಟಿಗೆ ತಬ್ಬಿಕೊಂಡು, ಮೇಸ್ತ್ರಿ ಎಡಕ್ಕೂ ಬಲಕ್ಕೂ ವಾಲಿದರು. ಸದ್ದಿಲ್ಲ. ಆದರೂ "ಆಯ್ತು" ಎನ್ನುವ ಧೈರ್ಯ ಬಾರದೆ ಮತ್ತೊಮ್ಮೆ ವಾಲಿದರು. ಆ ಹೆಂಗಸು ಹತ್ತಿರ ಬಂದು, "ಸಾಕು, ಏಳಿ" ಎಂದು ಅವರನ್ನು ಎಬ್ಬಿಸಿ, ಪಟ್ಟಿ ಕಟ್ಟಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ತಾವೇ ಕೂತುಬಿಟ್ಟರು. ಕೂತು, ಇನ್ನೂ ಎರಡು ಬೇಕು, ಮಗಳ ಮನೆಗೆ ಎಂದರು. ಮೇಸ್ತ್ರಿ ಸೀಸದ ಕಡ್ಡಿಗಾಗಿ ಜೇಬು ತಡಕಿದ್ದು ಕಂಡಿತು. ಮುಖವನ್ನು ಕಿಟಕಿಯ ಕಡೆ ತಿರುಗಿಸಿದ್ದರಿಂದ ಬೇರೇನೂ ಕಾಣಲಿಲ್ಲ.

ಮಾತನ್ನು ನಂಬಿಸುವವರು ಲೋಕದಲ್ಲಿ ಬೇಕಾದಷ್ಟು ಜನ. ತಮ್ಮ ಮೈಯನ್ನೇ ಒತ್ತೆಯಿಟ್ಟು ನಂಬಿಸುವವರು ವಿರಳ. ಅಂಥವರಿಗೆ ಮುಪ್ಪು ಬಂದರೆ ಕಷ್ಟ ಎರಡು ಪಟ್ಟು, ಏಕೆಂದರೆ ಮೈ ಬದಲಾದಾಗ ಅವರ ಮಾತೂ ಬದಲಾಗಬೇಕಾಗುತ್ತದೆ. ಕುಗ್ಗುವುದು ಎಲ್ಲರಿಗೂ ಇದೆ. ಕುಗ್ಗಿದ್ದನ್ನು ಮುಚ್ಚಿಟ್ಟು ಹಳೆಯ ಹೆಸರಿನಲ್ಲೇ ಕಾಲ ತಳ್ಳುವುದು ನಮ್ಮಂಥವರ ಜಾಣತನ. ತಾವು ಇನ್ನು ಇಷ್ಟೇ ಉಳಿದಿದ್ದೇವೆ ಎಂದು ಬಾಗಿಲಿಗೇ ಬಂದು ಹೇಳಿಹೋಗುವ ಜನವೂ ಇದ್ದಾರೆ; ಭಾರ ಹಾಕುವುದಾದರೆ ಅಂಥವರ ಮೇಲೆ ಹಾಕಬೇಕು.